ದೇಸಾಯರ ಹೊಸ ಹಾಸಿಗೆ

ಊರ ಧಣಿ ದೇಸಾಯರ ದೊಡ್ಡ ಮನೆಯಾದ ವಾಡೆಯಲ್ಲಿ ಹಾಸಿಗೆ ಹೊಲಿಯುತ್ತಿದ್ದ ದಾವಲಸಾಬ ಕತೆ ಶುರುಮಾಡಿದರೆ ಆಳುಗಳೆಲ್ಲ ಕೆಲಸ ಬಿಟ್ಟು ಸುತ್ತ ಕೂತುಬಿಡುತ್ತಿದ್ದರು. ದೇಸಾಯರಿಗೆ ರೇಗಿತು. ಆಗಷ್ಟೇ ಹೊಲಿದಿಟ್ಟ ಹಾಸಿಗೆಯ ಮೇಲೆ ಕೂತು ಗುಡುಗಿದರು:

"ಕತೀಗೆ ದಡ್ಡರು ಮರುಳಾಗತಾರ. ನನಗ ಏನೂ ಆಗಂಗಿಲ್ಲ. ಆಗತೈತಿ ಅಂತ ತೋರಸು, ಇಲ್ಲಾಂದ್ರ ವಾಡೆ ಬಿಡು!"

"ಆತ್ರಿ ಧಣಿ. ಒಂದು ತಿಗಣಿ ಇತ್ತು, ಭಾಳ ಹಸದಿತ್ತು. ಹಾಸಿಗಿಯಿಂದ ಮೆಲ್ಲಕ ಎದ್ದು ಒಬ್ಬ ದೇಸಾಯರ ತೊಡಿ ಏರಿತು. ಬೆನ್ನಿಗೆ ಬಂತು..."

ದೇಸಾಯರು ತೊಡೆ ಕೆರೆದರು. ಬೆನ್ನು ಕೆರೆದರು.

"ಹಿಂದಿಂದ ಅದರ ಬಳಗೆಲ್ಲಾ ಬಂತ್ರಿ!"

ದೇಸಾಯರು ರುಮಾಲು ಕಿತ್ತೆಸೆದು ಥಕಥಕ ಕುಣಿದರು. "ತಿಗಣಿ ತುಂಬಿ ಹಾಸಿಗಿ ಹೊಲದೀಯಲ್ಲೋ!"

"ಹತ್ತಿ ಹೊಸಾದ್ರಿ ಧಣಿ, ಒಂದೂ ತಿಗಣಿ ಇಲ್ಲ. ಕಡದದ್ದು ಕತಿ."

ದೇಸಾಯರು ಇನ್ನೂ ಕೆರೆಯುತ್ತಲೇ ಕೂಗಿದರು: "ಒಪ್ಪಿದೆನೋ ಮಾರಾಯಾ! ಮದಲ ಆ ತಿಗಣಿ ಸಾಯಿಸಿ ಕತಿ ಮುಗಸು!"