ಅಧ್ಯಕ್ಷರ ಗಾಡಿ ತಲೆ ಎತ್ತಿದ್ದು

ಪುರಸಭೆಯ ನೂತನ ಅಧ್ಯಕ್ಷರಾದ ಕೊಟ್ರಬಸಪ್ಪನವರ ಎಸ್‌ಯುವಿಯ ಮೂತಿಯು ಹಿಂಭಾಗಕ್ಕಿಂತ ಎರಡು ಬೆರಳು ತಗ್ಗಿತ್ತು.

"ಕಂಡಕಂಡವರಿಗೆಲ್ಲ ನನ್ನ ಗಾಡಿ ನಮಸ್ಕಾರ ಮಾಡಿದ ಹಾಗೆ ಕಾಣುತ್ತದಯ್ಯಾ! ನಾಳಿನ ಮೆರವಣಿಗೆಗೆ ಸಮನಾಗಿ ನಿಲ್ಲಬೇಕು. ನಿನ್ನ ಶೆಡ್ಡು ಪುರಸಭೆಯ ಜಾಗದಲ್ಲಿದೆ, ಮರೆಯಬೇಡ," ಎಂದು ಅವರು ಮೆಕ್ಯಾನಿಕ್ ದಾದಾಪೀರನ ಮೇಲೆ ಗುಡುಗಿ ಹೋದರು.

ಶೆಡ್ಡು ಹೋದರೆ ದಾದಾಪೀರನ ಅನ್ನವೇ ಹೋದಂತೆ. ಗಾಡಿಯ ಮುಂದಿನ ಸ್ಪ್ರಿಂಗುಗಳು ಕುಸಿದಿದ್ದವು; ಹೊಸವು ಬರಲು ವಾರ ಬೇಕು. ಆದರೆ ಮೂಲೆಯಲ್ಲಿ ಒಂದು ಜೋಡಿ ಬಿದ್ದಿತ್ತು. ಹಿಂದಿನ ಅಧ್ಯಕ್ಷ ಹಾಲಪ್ಪನವರು ಅದೇ ಮಾದರಿಯ ತಮ್ಮ ಗಾಡಿಗೆ ಹಾಕಿಸಿ, ಕುಲುಕಾಟ ಹೆಚ್ಚೆಂದು ತಿಂಗಳೊಳಗೇ ಬಿಚ್ಚಿಸಿ ಬಿಟ್ಟುಹೋದ ಗಟ್ಟಿ ಸ್ಪ್ರಿಂಗುಗಳವು. ಅವನ್ನೇ ಮುಂದಿನ ಗಾಲಿಗಳ ಮೇಲೆ ಕೂರಿಸಿದನು. ಸಂಜೆಯ ಹೊತ್ತಿಗೆ ಗಾಡಿಯು ದಾರ ಹಿಡಿದು ನಿಲ್ಲಿಸಿದಂತೆ ಸಮನಾಯಿತು.

ಹಾಲಪ್ಪನವರನ್ನು ಇಳಿಸಿ ತಮ್ಮನ್ನು ಏರಿಸಿದ ಸದಸ್ಯರೊಡನೆ ಬಂದ ಅಧ್ಯಕ್ಷರು ಹಿಗ್ಗಿ ಮೀಸೆ ತಿರುವಿದರು. ಆಮೇಲೆ ಸ್ಪ್ರಿಂಗಿನ ಕುಲಗೋತ್ರ ವಿಚಾರಿಸಿ ಕೆಂಡವಾದರು.

"ಏನೋ, ಆ ಹಾಲಪ್ಪನಿಂದ ಕಳಚಿದ್ದನ್ನು ನನಗೆ ತೊಡಿಸಿದೆಯಾ? ಬಿಚ್ಚು!"

ದಾದಾಪೀರನು ಕೈಮುಗಿದನು. "ಬಿಚ್ಚುತ್ತೇನೆ ಸ್ವಾಮಿ. ಆದರೆ ತಾವು ಕೂರುವ ಕುರ್ಚಿಯೂ ಅವರ ಅಡಿಯಿಂದ ಕಳಚಿದ್ದೇ ಅಲ್ಲವೇ? ತಮಗೆ ಎಷ್ಟು ಚೆನ್ನಾಗಿ ಹೊಂದಿದೆ!"

ಸದಸ್ಯರು ಅತ್ತ ತಿರುಗಿ ಕೆಮ್ಮಿದರು. ಅಧ್ಯಕ್ಷರು ಗಾಡಿಯನ್ನೊಮ್ಮೆ, ಆ ಸದಸ್ಯರನ್ನೊಮ್ಮೆ ನೋಡಿ ದನಿ ತಗ್ಗಿಸಿದರು.

"ಇರಲಿ ಬಿಡಪ್ಪಾ. ಬೋಲ್ಟು ಮಾತ್ರ ಇನ್ನೊಂದು ಸುತ್ತು ಬಿಗಿ ಮಾಡು."