ಹದ್ದು ಕಂಡ ಮೂರು ಬರ್ಗರ್ ಅಂಗಡಿ

ಮಕ್ಕಳೇ, ಬರ್ಗರ್ ಅಂದರೆ ಪೇಟೆಯಲ್ಲಿ ಮಾತ್ರ ಸಿಗುವ ತಿಂಡಿ ಅಂದುಕೊಂಡಿದ್ದೀರಾ? ಹಾಗಾದರೆ ನೀವು ಹೊನ್ನಗುಡ್ಡದ ಕಾಡನ್ನು ನೋಡಿಲ್ಲ ಅಂತಾಯಿತು. ಆ ಕುರುಚಲು ಕಾಡಿನಲ್ಲಿ ಒಂದಲ್ಲ, ಎರಡಲ್ಲ, ಮೂರು ಬರ್ಗರ್ ಕಂಪನಿಗಳಿದ್ದವು. ಒಂದೊಂದಕ್ಕೂ ನಾಲ್ಕೈದು ಅಂಗಡಿ. ಹಳ್ಳ ದಾಟುವಲ್ಲಿ ಒಂದು, ಬಂಡೆಯ ನೆರಳಿನಲ್ಲಿ ಒಂದು, ಆಲದ ಬುಡದಲ್ಲಿ ಇನ್ನೊಂದು.

ಮೊದಲನೆಯದು ನವಿಲು ನೀಲಯ್ಯನದು. ಅವನ ಬರ್ಗರ್ ನೋಡಿದರೆ ಬಾಯಿಗೆ ಹಾಕಲು ಮನಸ್ಸೇ ಬಾರದು, ಅಷ್ಟು ಚೆಂದ. ಬನ್ನಿನ ಮೇಲೆ ಎಳ್ಳಿನ ರಂಗೋಲಿ, ಪಕ್ಕದಲ್ಲಿ ದಾಸವಾಳದ ಎಸಳು. ಎರಡನೆಯದು ಕರಡಿ ಬೋರಯ್ಯನದು. ಅವನದೇನಿದ್ದರೂ ಗಾತ್ರ. ಎರಡು ಕೈಯಲ್ಲಿ ಹಿಡಿದರೂ ಜಾರುವಂಥ ಬರ್ಗರ್, ಅದರ ಮೇಲೆ ಧಾರಾಳವಾಗಿ ಜೇನುತುಪ್ಪ. ಮೂರನೆಯದು ಮೊಲ ಸಣ್ಣಮ್ಮ ಮತ್ತು ಅವಳ ತಂಗಿಯರದು. ರಾಗಿ ಬನ್ನು, ನಡುವೆ ಬಿಸಿ ಅಲಸಂದೆ ವಡೆ, ಒಂದಿಷ್ಟು ಹುಣಸೆ ಚಟ್ನಿ. ಮುತ್ತುಗದ ಎಲೆಯಲ್ಲಿ ಸುತ್ತಿ ಕೊಟ್ಟರೆ ಮುಗಿಯಿತು. ನೋಡಲು ತೀರಾ ಸಾದಾ.

ಆ ವರ್ಷ ಬೇಸಿಗೆ ಬೇಗ ಬಂತು. ಹಳ್ಳಕೊಳ್ಳಗಳೆಲ್ಲ ಬತ್ತಿ, ದೊಡ್ಡ ಮಡುವಿನಲ್ಲಿ ಮಾತ್ರ ನೀರು ಉಳಿಯಿತು. ಇನ್ನು ಮಳೆ ಬರುವವರೆಗೂ ಎಲ್ಲರೂ ಅಲ್ಲಿಗೇ ಬರಬೇಕು, ಅಲ್ಲೇ ತಿನ್ನಬೇಕು. ಆದರೆ ಮಡುವಿನ ದಡದಲ್ಲಿ ಒಂದೇ ಒಂದು ಅಂಗಡಿಗೆ ಆಗುವಷ್ಟು ಜಾಗವಿತ್ತು.

ಕಾಡಿನ ಹಿರಿಯಳಾದ ಆನೆ ಗೌರಜ್ಜಿ ಹದ್ದು ಬಾನಪ್ಪನನ್ನು ಕರೆಸಿದಳು.

"ಬಾನಪ್ಪ, ನಿನ್ನ ಕಣ್ಣಿನ ಹೆಸರು ಇಡೀ ಕಾಡಿಗೆ ಗೊತ್ತು. ಈ ಮೂವರಲ್ಲಿ ಗಿರಾಕಿಗಳು ಯಾರನ್ನ ಮೆಚ್ಚಿದ್ದಾರೆ ಅಂತ ನೋಡಿ ಹೇಳಪ್ಪ. ಅವರಿಗೇ ಮಡುವಿನ ಜಾಗ. ಉಳಿದಿಬ್ಬರು ಮಳೆ ಬರೋವರೆಗೂ ಒಲೆ ಆರಿಸಬೇಕು. ಹುಷಾರು, ಮರಿ ಮಕ್ಕಳ ಹೊಟ್ಟೆಯ ವಿಷಯ ಇದು."

ಬಾನಪ್ಪನ ಎದೆ ಉಬ್ಬಿತು. ಅವನ ಕಣ್ಣಿನ ಬಗ್ಗೆ ಹೇಳಿದ್ದರಲ್ಲಿ ಸುಳ್ಳೇನಿಲ್ಲ ಬಿಡಿ. ಮೋಡದ ಹತ್ತಿರ ತೇಲುತ್ತಲೇ ಹುಲ್ಲಿನ ಮೇಲಿನ ಮಿಡತೆಯನ್ನು ಗುರುತಿಸುವವನು ಅವನು. ಆದರೆ ಕಣ್ಣಿನಷ್ಟೇ ದೊಡ್ಡ ಜಂಬವೂ ಅವನಿಗಿತ್ತು.

"ಹಾಗೇ ಗಿರಾಕಿಗಳನ್ನೂ ಒಂದು ಮಾತು ಕೇಳಿಕೊಂಡು ಬಾ" ಅಂದಳು ಅಜ್ಜಿ.

"ಕಾಣದಿದ್ದವರು ಕೇಳ್ತಾರೆ ಅಜ್ಜಿ. ನನಗ್ಯಾಕೆ ಅದೆಲ್ಲ?" ಅಂದ ಬಾನಪ್ಪ, ರೆಕ್ಕೆ ಬಿಚ್ಚಿ ಮೇಲಕ್ಕೇರಿದ.

ಮಧ್ಯಾಹ್ನ ಊಟದ ಹೊತ್ತು. ನೀಲಯ್ಯನ ಅಂಗಡಿಯ ಮುಂದೆ ಉದ್ದ ಸಾಲು. ಅದು ಬಾಗಿ ಬಳುಕಿ ಹುತ್ತದವರೆಗೂ ಹೋಗಿತ್ತು. ಬೋರಯ್ಯನ ಅಂಗಡಿಯ ಮುಂದೆ ಅದರ ಅರ್ಧದಷ್ಟು. ಸಣ್ಣಮ್ಮನ ಅಂಗಡಿಯ ಮುಂದೆ ಮಾತ್ರ ಒಂದು ನರಪಿಳ್ಳೆಯೂ ಇಲ್ಲ! ಅವಳು ಕಿವಿ ನೆಟ್ಟಗೆ ಮಾಡಿಕೊಂಡು ಒಬ್ಬಳೇ ನಿಂತಿದ್ದಳು. ಬಾನಪ್ಪ ಅವಳ ಉಳಿದ ಅಂಗಡಿಗಳ ಮೇಲೂ ಒಂದು ಸುತ್ತು ಹಾಕಿದ. ಎಲ್ಲ ಕಡೆಯೂ ಅದೇ ಕತೆ.

"ಪಾಪ, ನೊಣ ಹೊಡೆಯುತ್ತಾ ಕೂತಿದ್ದಾರೆ ಅಕ್ಕತಂಗಿಯರು" ಅಂದುಕೊಂಡ ಬಾನಪ್ಪ. ಅವನಿಗೆ ನಿಜಕ್ಕೂ ಕನಿಕರವಾಯಿತು.

ಸಂಜೆ ಎಲ್ಲರೂ ಸೇರಿದಾಗ ಅವನು ತೀರ್ಪು ಹೇಳಿಬಿಟ್ಟ. "ನೀಲಯ್ಯನೇ ಮೊದಲು. ಚೆನ್ನಾಗಿಲ್ಲದಿದ್ದರೆ ಅಷ್ಟುದ್ದ ಸಾಲು ನಿಲ್ಲುತ್ತಾ?"

ನೀಲಯ್ಯ ಗರಿಗೆದರಿ ಕುಣಿದ. ಬೋರಯ್ಯ ಗೊಣಗುತ್ತಾ ಹೊರಟುಹೋದ. ಸಣ್ಣಮ್ಮ ಮಾತ್ರ ಬಾನಪ್ಪನ ಹತ್ತಿರ ಬಂದು ಮೆಲ್ಲಗೆ ಅಂದಳು, "ಅಣ್ಣಾ, ಒಂದು ಸಲ ಕೆಳಗಿಳಿದು ತಿಂದು ನೋಡಬಹುದಿತ್ತು." ಅವಳ ಕಣ್ಣು ತುಂಬಿತ್ತು. ಬಾನಪ್ಪ ಆ ಕಡೆ ತಿರುಗಿಕೊಂಡ.

ಮೂರನೆಯ ದಿನ ಮಧ್ಯಾಹ್ನ ಬಾನಪ್ಪ ಮಡುವಿನ ಮೇಲೆ ತೇಲುತ್ತಿದ್ದ. ದಡದಲ್ಲಿದ್ದ ನೀಲಯ್ಯನ ಅಂಗಡಿಯ ಸಾಲು ನೆರಳು ದಾಟಿ, ದಡ ದಾಟಿ, ಕಾದ ಬಂಡೆಯ ಮೇಲಕ್ಕೇರಿತ್ತು. "ನನ್ನ ತೀರ್ಪು ಅಂದರೆ ಸುಮ್ಮನೇನಾ!" ಅಂದುಕೊಳ್ಳುವಷ್ಟರಲ್ಲಿ ಸಾಲಿನ ತುದಿಯಲ್ಲಿ ಒಂದು ಜಿಂಕೆ ಮರಿಯ ಮೊಣಕಾಲು ಮಡಚಿಕೊಂಡಿತು. ಮರಿ ಹಾಗೇ ನೆಲಕ್ಕೆ ಕುಸಿಯಿತು.

ಬಾನಪ್ಪ ನೇರವಾಗಿ ಮಡುವಿಗೆ ಎರಗಿ, ರೆಕ್ಕೆ ನೆನೆಸಿಕೊಂಡು ಬಂದು ಮರಿಯ ಮೇಲೆ ಒದರಿದ. ಎರಡು ಸಲ, ಮೂರು ಸಲ. ಮರಿ ಕಣ್ಣು ಬಿಟ್ಟಿತು.

"ಏನಾಯ್ತು ಪದ್ಮಕ್ಕ?" ಅಂತ ತಾಯಿ ಜಿಂಕೆಯನ್ನು ಕೇಳಿದ.

"ಬೆಳಿಗ್ಗೆಯಿಂದ ನಿಂತಿದ್ದೀವಿ ಬಾನಪ್ಪ. ನೀರಿಗೆ ಹೋದರೆ ಸಾಲು ತಪ್ಪುತ್ತೆ, ಸಾಲಲ್ಲಿ ನಿಂತರೆ ಬಾಯಿ ಒಣಗುತ್ತೆ."

"ಅಲ್ಲ, ಇಷ್ಟು ಹೊತ್ತು ಕಾಯ್ತೀರಿ ಅಂದರೆ ಅಷ್ಟೊಂದು ರುಚಿ ಅಂತ ತಾನೆ?"

"ನೀಲಯ್ಯನ ಕೈಕೆಲಸಕ್ಕೆ ಹೆಸರಿಡೋ ಹಾಗಿಲ್ಲ" ಅಂದಳು ಪದ್ಮಕ್ಕ. "ಆದರೆ ಅವನು ಒಂದೊಂದು ಎಳ್ಳನ್ನೂ ಕೊಕ್ಕಿನಲ್ಲಿ ಜೋಡಿಸಿ, ಹಿಂದೆ ಸರಿದು ನೋಡಿ, ಮತ್ತೆ ಜೋಡಿಸ್ತಾನೆ. ಸಾಲು ಮುಂದೆ ಹೋದರೆ ತಾನೆ! ಹಬ್ಬಕ್ಕೊಂದು ಸಲ ಸರಿ, ದಿನಾ ಆಗುತ್ತಾ?"

"ಬೋರಯ್ಯಂದು?"

ಮುಂದೆ ನಿಂತಿದ್ದ ಕಾಡುಹಂದಿ ಈ ಕಡೆ ತಿರುಗಿತು. "ಅವನದು ಕೊಡುಗೈ. ಆದರೆ ಅದನ್ನ ತಿಂದರೆ ಎರಡು ದಿನ ಏಳೋಕಾಗಲ್ಲ. ದಿನದ ಊಟಕ್ಕೆ ನಾವು ಹೋಗ್ತಿದ್ದದ್ದು ಸಣ್ಣಮ್ಮನ ಹತ್ತಿರಾನೇ."

"ಸುಳ್ಳು!" ಅಂದ ಬಾನಪ್ಪ. "ಅಲ್ಲಿ ಒಬ್ಬರೂ ಇರಲಿಲ್ಲ. ನನ್ನ ಕಣ್ಣಾರೆ ಕಂಡಿದ್ದೀನಿ."

ಸಾಲಿಗೆ ಸಾಲೇ ನಕ್ಕಿತು. "ಅಯ್ಯೋ ಪುಣ್ಯಾತ್ಮ, ಹೋದ ತಕ್ಷಣ ಕೈಗೆ ಕೊಟ್ಟುಬಿಡ್ತಾಳೆ. ಮತ್ತೆ ಅಲ್ಲಿ ನಿಂತುಕೊಂಡು ಮಾಡೋದೇನು?"

ಬಾನಪ್ಪನಿಗೆ ಮುಖ ಎಲ್ಲಿ ಇಟ್ಟುಕೊಳ್ಳುವುದೋ ತಿಳಿಯಲಿಲ್ಲ. ಅವನು ಸೀದಾ ಹಳ್ಳದ ಪಕ್ಕದ ಸಣ್ಣಮ್ಮನ ಅಂಗಡಿಯ ಕಡೆ ಹಾರಿದ. ಸಣ್ಣಮ್ಮ ಆರಿದ ಒಲೆಯ ಮುಂದೆ ಕೂತಿದ್ದಳು.

"ತಾಯಿ, ತಪ್ಪಾಯ್ತು. ಮಡುವಿನ ಹತ್ತಿರ ಮಕ್ಕಳು ಬಿಸಿಲಲ್ಲಿ ಬೀಳ್ತಿದ್ದಾರೆ. ಬರ್ತೀಯಾ?"

ಸಣ್ಣಮ್ಮ ಒಂದು ಮಾತೂ ಆಡಿ ತೋರಿಸಲಿಲ್ಲ. ತಂಗಿಯರನ್ನು ಕೂಗಿದಳು, ಬುಟ್ಟಿ ಹೊತ್ತಳು, ಓಡಿದಳು. ಎಂಥ ದೊಡ್ಡ ಮನಸ್ಸು ನೋಡಿ!

ಮಡುವಿನ ದಡದಲ್ಲಿ, ನೀಲಯ್ಯನ ಅಂಗಡಿಗೆ ಒತ್ತಿಕೊಂಡೇ, ಇನ್ನೊಂದು ಒಲೆ ಹೊತ್ತಿತು. ಕಾದ ಬಂಡೆಯ ಮೇಲಿದ್ದವರನ್ನು ಮೊದಲು ಬರಹೇಳಿ ಸಣ್ಣಮ್ಮ ಒಲೆಯ ಕಡೆ ತಿರುಗಿ, ಗಿರಾಕಿಗಳಿಗೆ ಬೆನ್ನು ಹಾಕಿ ನಿಂತಳು, ಕಿವಿ ಎರಡೂ ಹಿಂದಕ್ಕೆ ತಿರುಗಿದ್ದವು. ಟಕಟಕ ಅಂತ ಗೊರಸಿನ ಸದ್ದು. "ಪದ್ಮಕ್ಕ, ಖಾರ ಬೇಡ, ಮರಿಗೊಂದು ಮೆತ್ತಗಿನದು" ಅಂದಳು ಸಣ್ಣಮ್ಮ. ಒಬ್ಬ ತಂಗಿ ವಡೆ ಇಟ್ಟಳು, ಇನ್ನೊಬ್ಬಳು ಎಲೆ ಸುತ್ತಿದಳು. ಪದ್ಮಕ್ಕ ಒಲೆ ಮುಟ್ಟುವ ಹೊತ್ತಿಗೆ ಎರಡು ಪೊಟ್ಟಣವೂ ತಯಾರು! ದಪ್ಪ ಹೆಜ್ಜೆ ಕೇಳಿತು. "ಹಂದಿಯಣ್ಣ, ಚಟ್ನಿ ಎರಡು ಪಾಲು." ಸರಸರ ಸದ್ದು. "ಮುಂಗುಸಿ ಬಂದ, ಅವನಿಗೆ ಉಪ್ಪು ಕಡಿಮೆ." ಬರುವವರ ಕಾಲಸಪ್ಪಳದಲ್ಲೇ ಅವರ ನಾಲಿಗೆಯ ರುಚಿ ಅವಳಿಗೆ ತಿಳಿಯುತ್ತಿತ್ತು. ಒಂದೂ ತಪ್ಪಲಿಲ್ಲ, ಒಬ್ಬರೂ ನಿಲ್ಲಲಿಲ್ಲ.

ಬಾನಪ್ಪ ಬೆರಗಾಗಿ ನೋಡುತ್ತಿದ್ದ. ಎಷ್ಟು ವರ್ಷ ಈ ಕಾಡಿನ ಮೇಲೆ ಹಾರಿದ್ದೇನೆ, ಇಂಥ ಕೆಲಸಗಾರ್ತಿಯನ್ನು ಕಾಣಲಿಲ್ಲವಲ್ಲ ಅಂತ ಅವನಿಗೆ ಸಂತೋಷವೂ ನಾಚಿಕೆಯೂ ಒಟ್ಟಿಗೇ ಆದವು. ಸೂರ್ಯ ಒಂದು ಮಾರು ಇಳಿಯುವುದರೊಳಗೆ ಬಂಡೆಯ ಮೇಲಿನ ಸಾಲು ಕರಗಿಹೋಗಿತ್ತು. ನೀಲಯ್ಯ ಕೂಡ ಎಳ್ಳಿನ ಡಬ್ಬಿ ಪಕ್ಕಕ್ಕಿಟ್ಟು ಬಂದು ಒಂದು ಬರ್ಗರ್ ತಿಂದ. "ನನಗೂ ಹಸಿವಾಗಿತ್ತು ಕಣಮ್ಮ" ಅಂದ.

ಗೌರಜ್ಜಿ ಬಂದಾಗ ಬಾನಪ್ಪ ಎಲ್ಲರ ಮುಂದೆ ನೆಲದ ಮೇಲೆ ನಿಂತ.

"ಅಜ್ಜಿ, ನಾನು ಹೇಳಿದ ತೀರ್ಪು ತಪ್ಪು. ಸಾಲು ಕಂಡೆ, ಸಾಲಲ್ಲಿ ನಿಂತವರನ್ನ ಮಾತಾಡಿಸಲಿಲ್ಲ. ಮಡುವಿನ ಜಾಗ ಸಣ್ಣಮ್ಮಂದು. ಇನ್ನು ಮೇಲೆ ನನ್ನ ಕಣ್ಣಿನ ಮಾತು ಯಾರೂ ನಂಬದಿದ್ದರೂ ಪರವಾಗಿಲ್ಲ."

"ಈಗಲೇ ನಂಬಿಕೆ ಬಂತು ಬಿಡಪ್ಪ" ಅಂದಳು ಗೌರಜ್ಜಿ.

ಎಲ್ಲರೂ ಹೋದ ಮೇಲೂ ಬಾನಪ್ಪ ಅಲ್ಲೇ ಇದ್ದ. ಸಣ್ಣಮ್ಮ ಕೈಯಲ್ಲಿ ಬನ್ನು ಹಿಡಿದು ಅವನ ಮುಂದೆ ಬಂದಳು.

"ಅಣ್ಣಾ, ಎಲ್ಲರ ಹೆಜ್ಜೆಯೂ ನನಗೆ ಗೊತ್ತು. ನೀವು ಒಂದು ದಿನವೂ ನಡೆದು ಬಂದವರಲ್ಲ. ನಿಮಗೇನಿಷ್ಟ ಅಂತ ನೀವೇ ಹೇಳಬೇಕು."

ಬಾನಪ್ಪ ರೆಕ್ಕೆ ಮಡಚಿ ಅವಳ ಮುಂದೆ ಕೂತ. "ನಿನ್ನ ಒಲೆ ಆರಿಸಿದವನು ನಾನು. ನಾನು ನಿನ್ನನ್ನ ಒಂದು ಮಾತೂ ಕೇಳಿರಲಿಲ್ಲ. ನೀನು ನನಗೇನಿಷ್ಟ ಅಂತ ಕೇಳ್ತಿದ್ದೀಯಲ್ಲ ತಾಯಿ" ಅಂದ.

ನೀತಿ: ದೂರದಿಂದ ನೋಡಿ ಯಾರನ್ನೂ ಅಳೆಯಬಾರದು; ಹತ್ತಿರ ಹೋಗಿ, ಉಂಡವರನ್ನು ವಿಚಾರಿಸಿದ ಮೇಲೆಯೇ ತೀರ್ಪು ಹೇಳಬೇಕು.