ಬೆಳಗಿನ ಮೊದಲ ನೀರು

"ಗುರುಗಳೇ, ತಪ್ಪು ಎದುರಿನವನದೇ ಎಂದು ಖಚಿತವಾದ ಮೇಲೂ ಅವನ ಮಾತನ್ನು ಕೇಳಬೇಕೇ?" ಎಂದು ದಾರಿಯ ಛತ್ರದಲ್ಲಿ ತಂಗಿದ್ದಾಗ ಶಿಷ್ಯ ಕೇಳಿದ.

ಗುರುಗಳು ಹೇಳತೊಡಗಿದರು.

ಒಂದೂರಿನಲ್ಲಿ ಅಣ್ಣ ತಮ್ಮ ಇದ್ದರು. ಹಿಸ್ಸೆಯಾಯಿತು. ಮನೆಯ ನಡುವೆ ಗೋಡೆ ಎದ್ದಿತು. ಹಿತ್ತಲ ಬಾವಿಯನ್ನು ಮಾತ್ರ ಎರಡು ಮಾಡಲು ಬರುವಂತಿರಲಿಲ್ಲ. ಬಾವಿ, ಅದರ ಮೋಟಾರು, ಪೈಪು ಇಬ್ಬರಿಗೂ ಸೇರಿದ್ದು, ಇಬ್ಬರೂ ಒಪ್ಪದೆ ಅದರ ಒಂದು ನಟ್ಟನ್ನೂ ಬಿಚ್ಚಕೂಡದು ಎಂದು ಪಂಚರು ಕಾಗದ ಮಾಡಿಸಿದರು.

ಅಣ್ಣ ದಿನವೂ ಬೇಗ ಎದ್ದು ಮೋಟಾರು ಹಾಕುತ್ತಿದ್ದ. ಮೊದಲು ತನ್ನ ತೊಟ್ಟಿಗೆ ನೀರು ಬಿಟ್ಟುಕೊಂಡು, ಆಮೇಲೆ ತಮ್ಮನ ತೊಟ್ಟಿಗೆ ತಿರುಗಿಸುತ್ತಿದ್ದ. ತಮ್ಮ ಏಳುವ ಹೊತ್ತಿಗೆ ಅವನ ತೊಟ್ಟಿ ತುಂಬಿರುತ್ತಿತ್ತು. ಆದರೂ ತಮ್ಮನ ಮನಸ್ಸಿನಲ್ಲಿ ಒಂದು ಮಾತು ಕೊರೆಯುತ್ತಿತ್ತು. ಮೊದಲ ನೀರು ಯಾವಾಗಲೂ ಅವನಿಗೇ ಏಕೆ? ಎಂಟು ವರ್ಷ ಅದನ್ನು ಒಳಗೇ ಇಟ್ಟುಕೊಂಡ. ಒಂದು ಸಂಜೆ ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಹಾಕಿದ.

"ಇನ್ನು ಮೇಲೆ ಮೋಟಾರು ನಾನು ಹಾಕ್ತೀನಿ. ಮೊದಲ ನೀರು ನನಗೆ. ಎಂಟು ವರ್ಷ ನೀನು ಕುಡಿದದ್ದು ಸಾಕು."

ಅಣ್ಣ ಬೀಗ ನೋಡಿದ. "ಹಾಗೇ ಆಗಲಿ ಕಣೋ. ಆದರೆ ಗುಂಡಿ ಒತ್ತೋ ಮುಂಚೆ ಒಂದು..."

"ಗುಂಡಿ ಒತ್ತೋಕೂ ನಿನ್ನ ಹತ್ತಿರ ಪಾಠ ಹೇಳಿಸಿಕೊಳ್ಳಬೇಕಾ? ಹೋಗು, ನಾಳೆಯಿಂದ ಹೊತ್ತೇರೋವರೆಗೂ ಮಲಕ್ಕೋ."

ಅಣ್ಣ ಹೋದ.

ಮರುದಿನ ತಮ್ಮ ಗುಂಡಿ ಒತ್ತಿದ. ಮೋಟಾರು ತಿರುಗಿತು, ನೀರು ಬರಲಿಲ್ಲ. ಬಾವಿಯಲ್ಲಿ ನೀರು ಎಂದಿನಷ್ಟೇ ಇತ್ತು. ನಿನ್ನೆಯವರೆಗೆ ಸರಿಯಿದ್ದದ್ದು ಬೀಗ ಹಾಕಿದ ಮಾರನೆಯ ದಿನವೇ ಕೆಟ್ಟಿತೆಂದರೆ, ಕೆಡಿಸಿದವರು ಯಾರು? ತಮ್ಮನಿಗೆ ಅನುಮಾನವೇ ಉಳಿಯಲಿಲ್ಲ.

ಅಣ್ಣನ ಕೈ ಎಲ್ಲೆಲ್ಲಿಗೆ ಎಟುಕುತ್ತದೋ ಅಲ್ಲೆಲ್ಲ ಹುಡುಕಿದ. ವೈರು ಬದಲಾಯಿಸಿದ. ಸ್ವಿಚ್ಚು ಬದಲಾಯಿಸಿದ. ಮೋಟಾರನ್ನು ಬಿಚ್ಚಿಸಿ ಮತ್ತೆ ಕಟ್ಟಿಸಿದ. ಬಾವಿಯೊಳಗಿನ ಪೈಪನ್ನು ಮುಟ್ಟಲಿಲ್ಲ, ಅಷ್ಟು ಆಳಕ್ಕೆ ಯಾರ ಕೈಯೂ ಹೋಗುವಂತಿರಲಿಲ್ಲ. ನೋಡಲು ಬಂದ ಬೀದಿಯವರಿಗೆಲ್ಲ, "ಒಡಹುಟ್ಟಿದವನೇ ಹೊಟ್ಟೆಕಿಚ್ಚಿಗೆ ಕೆಡಿಸಿದ" ಎಂದ. ಬೀದಿಯವರು ಅಣ್ಣನನ್ನು ಕೇಳಿದರು. ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅವನ ಹೆಂಡತಿ ಬೀದಿಯ ಕೊನೆಯ ಬೋರಿನಿಂದ ನೀರು ಹೊರಲು ಹೋದಾಗ, "ಮೊದಲ ನೀರಿನವರು ಬಂದರು, ದಾರಿ ಬಿಡ್ರೇ" ಎಂದು ಹೆಂಗಸರು ನಕ್ಕರು. ನಾಲ್ಕನೆಯ ದಿನ ಅಣ್ಣ ಹೆಂಡತಿಯನ್ನು ಕರೆದುಕೊಂಡು ಊರು ಬಿಟ್ಟ. ಎಲ್ಲಿಗೆಂದು ಯಾರಿಗೂ ಹೇಳಲಿಲ್ಲ. ಬಾಗಿಲು ಎಳೆದುಕೊಂಡ ಸದ್ದು ಗೋಡೆಯ ಈಚೆಗೆ ಕೇಳಿಸಿತು. ತಪ್ಪು ಮಾಡಿದವನು ಹೀಗೇ ಓಡುತ್ತಾನೆ ಎಂದುಕೊಂಡ ತಮ್ಮ.

ವಾರದ ಮೇಲೆ ಪಕ್ಕದೂರಿನಿಂದ ಮುದಿ ರಿಪೇರಿಯವನೊಬ್ಬ ಬಂದ. ಹೊಸ ವೈರು, ಹೊಸ ಸ್ವಿಚ್ಚು ನೋಡಿ, "ಯಜಮಾನರೇ, ಹೊಟ್ಟೆನೋವಿಗೆ ತಲೆಗೆ ಎಣ್ಣೆ ತಿಕ್ಕಿದ್ದೀರಲ್ಲ" ಎಂದ. ಪೈಪನ್ನು ಮೇಲಕ್ಕೆ ಎಳೆಸಿದ. ಪೈಪಿನ ತಳದಲ್ಲಿ ಫುಟ್‌ವಾಲ್ವ್ ಇರುತ್ತದೆ. ಮೇಲೇರಿದ ನೀರು ಮತ್ತೆ ಬಾವಿಗೆ ಜಾರದಂತೆ ಹಿಡಿಯುವ ಬಾಗಿಲು ಅದು. ಅದರ ಚಕ್ಕಳ ಸವೆದು ತೂತಾಗಿತ್ತು.

"ಇದು ಹೋಗಿ ಏಳೆಂಟು ವರ್ಷವಾದರೂ ಆಗಿರಬೇಕು."

"ಹೋದ ವಾರದವರೆಗೂ ನೀರು ಬಂದಿದೆಯಲ್ಲಯ್ಯಾ."

"ಬಂದಿರುತ್ತೆ. ದಿನಾ ಬೆಳಿಗ್ಗೆ ಯಾರೋ ನಾಲ್ಕೈದು ಕೊಡ ಸೇದಿ, ಪಂಪಿನ ಬಿರಡೆ ತೆಗೆದು, ಪೈಪು ತುಂಬೋವರೆಗೆ ಹುಯ್ದಿದ್ದಾರೆ. ಕೈ ನಿಲ್ಲಿಸಿದರೆ ಸೋರಿಹೋಗುತ್ತೆ. ಸೊಂಟ ಗಟ್ಟಿಯಿದ್ದ ಪುಣ್ಯಾತ್ಮ. ಹಾಗೆ ಎತ್ತಿದರೂ ಮೊದಲು ಬರೋದು ಬರೀ ತುಕ್ಕು, ಕೆಸರು. ಪೈಪು ಹೋಗಿರೋದು ಎರಡೇ ತೊಟ್ಟಿಗೆ. ಆ ಕೆಸರನ್ನ ಯಾವುದಕ್ಕೆ ಬಿಡ್ತಿದ್ದರು?"

ತಮ್ಮ ಗೋಡೆ ಬಳಸಿ ಹೋಗಿ ಅಣ್ಣನ ತೊಟ್ಟಿಯೊಳಗೆ ಬಗ್ಗಿ ನೋಡಿದ. ತಳದಲ್ಲಿ ಗೇಣುದ್ದ ಕೆಂಪು ಕೆಸರು ಕೂತಿತ್ತು.

ಅಲ್ಲಿ ನಿಂತಾಗ ನೆನಪಾಯಿತು. ಹಿಸ್ಸೆಯಾದ ಹೊಸದರಲ್ಲಿ ಅಣ್ಣ ಬಂದು, "ಪೈಪು ಎತ್ತಿಸಿ ಒಂದು ಸಲ ತಳ ನೋಡಿಸೋಣ, ಹೂಂ ಅನ್ನು" ಎಂದಿದ್ದ. "ನಡೀತಾ ಇರೋದಕ್ಕೆ ಯಾಕೆ ಕೈ ಹಾಕ್ತೀಯ" ಎಂದು ಕಳಿಸಿದವನು ತಾನೇ. ತಮ್ಮನ ಒಪ್ಪಿಗೆಯಿಲ್ಲದೆ ಅಣ್ಣ ನಟ್ಟು ಬಿಚ್ಚಲಿಲ್ಲ. ಕೊಡ ಹಿಡಿದ.

ಹೊಸ ಚಕ್ಕಳ ಹಾಕಿದ್ದಾಯಿತು. ಅರ್ಧ ಗಂಟೆಯ ಕೆಲಸ. ಪೈಪು ಇಳಿಬಿಟ್ಟು ಒಂದು ಸಲ ತುಂಬಿಸಿ ಗುಂಡಿ ಒತ್ತಿದರೆ ನೀರು ಭರ್ರನೆ ಬಂತು. ತಮ್ಮ ಅಣ್ಣನ ತೊಟ್ಟಿಯನ್ನು ತೊಳೆದು ಎರಡನ್ನೂ ತುಂಬಿಸಿದ. ಒಂದರ ನೀರು ಹಾಗೇ ಉಳಿಯಿತು.

ಗುರುಗಳು ನಿಲ್ಲಿಸಿದರು. ಶಿಷ್ಯ ಕೇಳಿದ: "ಆ ತಮ್ಮ ಅಣ್ಣನನ್ನು ಹುಡುಕಿಕೊಂಡು ಹೋಗಲಿಲ್ಲವೇ?"

"ಹೊರಟು ಇಪ್ಪತ್ತೆರಡು ವರ್ಷವಾಯಿತು ಮಗು, ನಾಳೆ ಮುಂದಿನ ಊರಿನಲ್ಲಿ ಕೇಳಿ ನೋಡುತ್ತೇನೆ."